ಮಾತ್ರೆಗೆ ಬಗ್ಗದ ಖಿನ್ನತೆಗೆ ಕೆಟಮೈನ್ ಡ್ರಿಪ್: ಏನು ಕೊಡುತ್ತದೆ, ಎಷ್ಟು ದಿನ ಕೊಡುತ್ತದೆ

ಸುಸ್ತು ಅಂದರೆ ಸಾಕು, ನಮ್ಮಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, "ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಳ್ಳಿ, ಸರಿಹೋಗುತ್ತೆ." ಮಾತ್ರೆಗಿಂತ ಇಂಜೆಕ್ಷನ್ ವಾಸಿ, ಇಂಜೆಕ್ಷನ್‌ಗಿಂತ ಡ್ರಿಪ್ ವಾಸಿ ಅನ್ನುವ ನಂಬಿಕೆ ಹಳ್ಳಿಯಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೆ. ಅದಕ್ಕೇ ಖಿನ್ನತೆಗೂ ಒಂದು ಡ್ರಿಪ್ ಇದೆ ಎಂದು ಮೊದಲ ಸಲ ಓದಿದಾಗ ನನಗೆ ಸಮಾಧಾನವೂ ಆಯಿತು, ಭಯವೂ ಆಯಿತು. ವರ್ಷಗಟ್ಟಲೆ ಮಾತ್ರೆ ನುಂಗಿಯೂ ಹಾಸಿಗೆ ಬಿಟ್ಟು ಏಳಲಾಗದವರಿಗೆ ಕೊನೆಗೂ ಒಂದು ದಾರಿ ಕಾಣುತ್ತಿದೆಯಲ್ಲ ಎಂಬ ಸಮಾಧಾನ. ಇದನ್ನೂ ನಾವು ಗ್ಲೂಕೋಸ್ ಬಾಟ್ಲಿಯ ಹಾಗೇ ನೋಡಿಬಿಟ್ಟರೆ ಎಂಬ ಭಯ.

ಈ ಡ್ರಿಪ್ಪಿನಲ್ಲಿರುವುದು ಕೆಟಮೈನ್. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವ ವೈದ್ಯರಿಗೆ ಇದು ಐವತ್ತು ವರ್ಷಕ್ಕೂ ಹಳೆಯ ಪರಿಚಯ. 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದರು. 1964ರಲ್ಲಿ ಮೊದಲ ಬಾರಿ ಮನುಷ್ಯರಿಗೆ ಕೊಟ್ಟು ನೋಡಿದರು. ಆ ಮನುಷ್ಯರು ಮಿಶಿಗನ್‌ನ ಒಂದು ಜೈಲಿನ ಕೈದಿಗಳು. ಆಗ ಅಲ್ಲಿ ಅದು ಮಾಮೂಲಿ ಪದ್ಧತಿಯಾಗಿತ್ತು ಅನ್ನುವುದನ್ನು ಓದುವಾಗ ಈಗಲೂ ಕಸಿವಿಸಿಯಾಗುತ್ತದೆ. 1970ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಇದು ಬಹಳ ಬಳಕೆಯಾಯಿತು.

ವೈದ್ಯರಿಗೆ ಇದರ ಮೇಲೆ ಇಷ್ಟು ನಂಬಿಕೆ ಯಾಕೆ ಅಂದರೆ, ಬೇರೆ ಅರಿವಳಿಕೆ ಔಷಧಗಳ ಹಾಗೆ ಇದು ಸಾಮಾನ್ಯವಾಗಿ ಉಸಿರನ್ನು ನಿಲ್ಲಿಸುವುದಿಲ್ಲ, ಬಿಪಿಯನ್ನು ಕೆಳಕ್ಕೆ ಎಳೆಯುವುದಿಲ್ಲ. ಕರೆಂಟ್ ಹೋಗುವ, ವೆಂಟಿಲೇಟರ್ ಇಲ್ಲದ ಸಣ್ಣ ಆಸ್ಪತ್ರೆಯಲ್ಲೂ ಇದನ್ನು ನಂಬಿ ಆಪರೇಷನ್ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಕೆಟಮೈನ್ 1985ರಿಂದ ಇದೆ. ಊರೊಳಗೆ ನುಗ್ಗಿದ ಚಿರತೆಗೆ ಅರಣ್ಯ ಇಲಾಖೆಯವರು ಹೊಡೆಯುವ ಅರಿವಳಿಕೆ ಮದ್ದಿನಲ್ಲೂ ಸಾಮಾನ್ಯವಾಗಿ ಕ್ಸೈಲಜೀನ್ ಎಂಬ ಇನ್ನೊಂದು ಮದ್ದಿನ ಜೊತೆ ಇದೇ ಕೆಟಮೈನ್ ಇರುತ್ತದೆ.

ಪ್ರಜ್ಞೆ ತಪ್ಪಿಸುವ ಔಷಧಕ್ಕೂ ಮನಸ್ಸಿನ ಮಂಕಿಗೂ ಏನು ಸಂಬಂಧ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನೋವೈದ್ಯರು ತೊಂಬತ್ತರ ದಶಕದಲ್ಲಿ ಮೆದುಳಿನ ಗ್ಲುಟಮೇಟ್ ಎಂಬ ರಾಸಾಯನಿಕದ ಬೆನ್ನು ಹತ್ತಿದ್ದರು. ಆವರೆಗೆ ಖಿನ್ನತೆ ಅಂದರೆ ಸೆರಟೋನಿನ್ ಎಂಬ ಇನ್ನೊಂದು ರಾಸಾಯನಿಕ, ಖಿನ್ನತೆಯ ಮಾತ್ರೆ ಅಂದರೆ ಸೆರಟೋನಿನ್ ಹೆಚ್ಚಿಸುವ ಮಾತ್ರೆ ಎಂದೇ ಇತ್ತು. ಅವರು ಖಿನ್ನತೆಯಿದ್ದ ಏಳು ಜನಕ್ಕೆ ಒಂದು ಸಲ ಕೆಟಮೈನ್ ಡ್ರಿಪ್, ಇನ್ನೊಂದು ಸಲ ಬರೀ ಸಲೈನ್ ಡ್ರಿಪ್ ಕೊಟ್ಟು ಹೋಲಿಸಿದರು. ಕಿಲೋ ತೂಕಕ್ಕೆ ಅರ್ಧ ಮಿಲಿಗ್ರಾಂ, 40 ನಿಮಿಷದಲ್ಲಿ. ಅಂದರೆ 60 ಕಿಲೋ ತೂಕದವರಿಗೆ 30 ಮಿಲಿಗ್ರಾಂ. ಪೂರ್ತಿ ಅರಿವಳಿಕೆಗೆ ಬೇಕಾದದ್ದಕ್ಕಿಂತ ಇದು ತುಂಬಾ ಕಡಿಮೆ. ಎಚ್ಚರ ಇರುತ್ತದೆ. ಮೂರು ದಿನದೊಳಗೆ ಆ ಜನರಲ್ಲಿ ಖಿನ್ನತೆ ಎದ್ದುಕಾಣುವಷ್ಟು ಇಳಿಯಿತು. 2000ದಲ್ಲಿ ಈ ಪುಟ್ಟ ಅಧ್ಯಯನ ಪ್ರಕಟವಾಯಿತು. ಏಳೇ ಜನ, ಹಾಗಾಗಿ ಹೆಚ್ಚು ಜನ ಗಮನಿಸಲಿಲ್ಲ.

ಗಮನಿಸಿದ್ದು 2006ರಲ್ಲಿ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾರ್ಲೋಸ್ ಜರಾಟೆ ಮತ್ತು ಅವರ ತಂಡ, ಹಲವು ಮಾತ್ರೆ ಫಲ ಕೊಡದಿದ್ದ 18 ಜನರ ಮೇಲೆ ಇದೇ ಡ್ರಿಪ್ ಪ್ರಯೋಗಿಸಿತು. ಒಂದೇ ದಿನದಲ್ಲಿ 71 ಶೇಕಡಾ ಜನರಿಗೆ ಗುಣ ಕಂಡಿತು. ಮಾಮೂಲಿ ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ಆರು ವಾರ ಬೇಕು. ಇದಕ್ಕೆ ಕೆಲವೇ ಗಂಟೆ ಸಾಕಾಯಿತು. ಖಿನ್ನತೆಯ ಔಷಧವೊಂದು ಇಷ್ಟು ಬೇಗ ಕೆಲಸ ಮಾಡುವುದನ್ನು ಅದಕ್ಕೆ ಮುಂಚೆ ಹೆಚ್ಚು ಜನ ನೋಡಿರಲಿಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿದೆ. ಒಂದು ವಾರದ ಹೊತ್ತಿಗೂ ಗುಣ ಉಳಿದದ್ದು 35 ಶೇಕಡಾ ಜನರಲ್ಲಿ ಮಾತ್ರ. ಸುದ್ದಿಯಾದದ್ದು 71, ಮರೆತುಹೋದದ್ದು 35. ಕೆಟಮೈನ್ ಬಗ್ಗೆ ಇವತ್ತು ನಡೆಯುತ್ತಿರುವ ಅರ್ಧಕ್ಕರ್ಧ ಗೊಂದಲ ಈ ಎರಡು ಅಂಕಿಗಳ ನಡುವೆಯೇ ಇದೆ ಎಂದು ನನಗೆ ಅನಿಸುತ್ತದೆ.

ಇಲ್ಲಿ ಒಂದು ಮಾತು. "ಮಾತ್ರೆಗೆ ಬಗ್ಗದ ಖಿನ್ನತೆ" ಅಂದರೆ ವೈದ್ಯರ ಲೆಕ್ಕದಲ್ಲಿ ಏನು? ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ತೆಗೆದುಕೊಂಡರೂ ಗುಣ ಕಾಣದ ಖಿನ್ನತೆ. ಇದು ಅಪರೂಪವೇನಲ್ಲ. ಅಮೆರಿಕದಲ್ಲಿ ಸುಮಾರು 4,000 ಜನರನ್ನು ಒಳಗೊಂಡ ಸ್ಟಾರ್-ಡಿ ಎಂಬ ದೊಡ್ಡ ಅಧ್ಯಯನ ನಡೆಯಿತು. ಮೊದಲ ಮಾತ್ರೆಯಿಂದ ಪೂರ್ತಿ ಗುಣವಾದವರು ಮೂರರಲ್ಲಿ ಒಬ್ಬರು. ಎರಡು ಮಾತ್ರೆ ಸೋತ ಮೇಲೆ ಮೂರನೆಯದು, ನಾಲ್ಕನೆಯದು ಹಿಡಿಯುವ ಸಾಧ್ಯತೆ ನೂರಕ್ಕೆ ಹದಿನಾಲ್ಕರ ಆಸುಪಾಸಿಗೆ ಇಳಿಯಿತು. ಮಾತ್ರೆ ಬದಲಾಯಿಸುತ್ತಾ ಬದಲಾಯಿಸುತ್ತಾ ವರ್ಷಗಳು ಕಳೆಯುತ್ತವೆ. ಕೆಲಸ ಹೋಗುತ್ತದೆ. ಮನೆಯವರಿಗೂ ಸಾಕಾಗುತ್ತದೆ. "ಮನಸ್ಸು ಗಟ್ಟಿ ಮಾಡ್ಕೋ" ಅಂತ ಎಲ್ಲರೂ ಹೇಳಿ ಹೇಳಿ ಸುಮ್ಮನಾಗುತ್ತಾರೆ. ಅಂಥವರಿಗೆ ಒಂದು ದಿನದ ಬೆಳಕೂ ದೊಡ್ಡದೇ.

ಹಾಗಾದರೆ ಮೆದುಳಿನಲ್ಲಿ ಏನಾಗುತ್ತದೆ? ಕೆಟಮೈನ್ ನರಕೋಶಗಳ ಮೇಲಿರುವ ಎನ್‌ಎಂಡಿಎ ಎಂಬ ಗ್ಲುಟಮೇಟ್ ಬಾಗಿಲುಗಳನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಮೊದಲು ಮುಚ್ಚುವುದು, ಬೇರೆ ನರಕೋಶಗಳನ್ನು ಹಿಡಿದಿಡುವ ಕೋಶಗಳ ಬಾಗಿಲುಗಳನ್ನು ಎಂಬ ಒಂದು ವಿವರಣೆ ಇದೆ. ಕಡಿವಾಣ ಸಡಿಲವಾದ ಕೂಡಲೇ ಗ್ಲುಟಮೇಟ್ ಉಕ್ಕುತ್ತದೆ. ಅದು ನರಕೋಶದೊಳಗೆ ಬೆಳವಣಿಗೆಯ ಕೆಲಸವನ್ನು ಎಬ್ಬಿಸುತ್ತದೆ. 2010ರಲ್ಲಿ ಯೇಲ್‌ನ ರೊನಾಲ್ಡ್ ಡೂಮನ್ ಮತ್ತು ಜಾರ್ಜ್ ಅಗಜೇನಿಯನ್ ಅವರ ತಂಡ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ಕೆಟಮೈನ್ ಕೊಟ್ಟ ಮೇಲೆ ನರಕೋಶಗಳ ನಡುವಿನ ಕೊಂಡಿಗಳು ಬೇಗ ಚಿಗುರುತ್ತವೆ. ತುಂಬಾ ದಿನದ ಒತ್ತಡದಲ್ಲಿ ಒಣಗಿಹೋಗುವುದು ಇವೇ ಕೊಂಡಿಗಳು.

ಇದರಲ್ಲಿ ನನಗೆ ತುಂಬಾ ಮುಖ್ಯ ಎನಿಸಿದ್ದು 2019ರಲ್ಲಿ ಬಂದ ಮತ್ತೊಂದು ಅಧ್ಯಯನ. ಒತ್ತಡಕ್ಕೆ ಸಿಕ್ಕಿದ ಚಿಟ್ಟಿಲಿಗಳ ಮೆದುಳನ್ನು ಗಂಟೆ ಗಂಟೆಗೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಟಮೈನ್ ಕೊಟ್ಟ ಕೆಲವೇ ಗಂಟೆಯಲ್ಲಿ ಇಲಿ ಚುರುಕಾಯಿತು. ಹೊಸ ಕೊಂಡಿಗಳು ಕಂಡದ್ದು ಆಮೇಲೆ, ಹನ್ನೆರಡು ಗಂಟೆ ಕಳೆದ ನಂತರ. ಆ ಹೊಸ ಕೊಂಡಿಗಳನ್ನು ಅಳಿಸಿಹಾಕಿದಾಗ ಇಲಿಯ ಚುರುಕೂ ಉಳಿಯಲಿಲ್ಲ. ಅಂದರೆ ಹಗುರಾಗುವುದು ಒಂದು ಕೆಲಸ, ಆ ಹಗುರ ಉಳಿಯುವುದು ಇನ್ನೊಂದು ಕೆಲಸ. ಇಲಿಯ ಮಾತನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಬಾರದು, ನಿಜ. ಆದರೆ ರೋಗಿಗಳಲ್ಲಿ ವೈದ್ಯರು ಕಾಣುವುದೂ ಇದೇ ರೀತಿಯದು. ಕೆಟಮೈನ್ ಒಂದು ದಿನದೊಳಗೆ ಹೆಚ್ಚುಕಡಿಮೆ ಮೈಯಿಂದ ಹೊರಟುಹೋಗುತ್ತದೆ. ಅದರ ಪರಿಣಾಮ ಮಾತ್ರ ಕೆಲವು ದಿನ ನಿಲ್ಲುತ್ತದೆ. ಹಾಗೆ ನಿಂತ ದಿನಗಳಲ್ಲಿ ಏನು ನಡೆಯಿತು ಎಂಬುದು ಮುಂದಿನ ದಾರಿಯನ್ನು ಬಹಳ ಮಟ್ಟಿಗೆ ನಿರ್ಧರಿಸುತ್ತದೆ ಎಂದು ನಾನು ನಂಬಿದ್ದೇನೆ.

ಡ್ರಿಪ್ ಹಾಕಿಸಿಕೊಳ್ಳುವುದು ಹೇಗಿರುತ್ತದೆ ಎಂದು ಹಲವರು ಕೇಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳುತ್ತಾರೆ. ಬಿಪಿ, ನಾಡಿ, ಆಮ್ಲಜನಕ ನೋಡುವ ಯಂತ್ರ ಕಟ್ಟುತ್ತಾರೆ. ಐದು ಹತ್ತು ನಿಮಿಷದಲ್ಲಿ ಕೈಕಾಲು ನನ್ನದಲ್ಲ ಅನ್ನುವ ಹಾಗಾಗುತ್ತದೆ. ಮೈಯಿಂದ ಹೊರಗೆ ನಿಂತು ನೋಡಿದಂತೆ, ಶಬ್ದ ದೂರದಿಂದ ಬಂದಂತೆ, ಹೊತ್ತು ನಿಂತುಬಿಟ್ಟಂತೆ ಅನಿಸಬಹುದು. ಕೆಲವರಿಗೆ ಅದು ಹಿತ. ಕೆಲವರಿಗೆ ಗಾಬರಿ. ತಲೆ ಸುತ್ತು, ವಾಕರಿಕೆ ಬರಬಹುದು. ಬಿಪಿ ಏರುತ್ತದೆ, ಆಮೇಲೆ ಇಳಿಯುತ್ತದೆ. ಡ್ರಿಪ್ ನಿಂತ ಒಂದೆರಡು ಗಂಟೆಯಲ್ಲಿ ಇದೆಲ್ಲ ಹೋಗುತ್ತದೆ. ಆ ದಿನ ಗಾಡಿ ಓಡಿಸುವ ಹಾಗಿಲ್ಲ. ಜೊತೆಗೆ ಒಬ್ಬರು ಬರಲೇಬೇಕು. ಒಂದೇ ಡ್ರಿಪ್ಪಿಗೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಆರು ಸಲ ಕೊಡುತ್ತಾರೆ. ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ, ಗರ್ಭಿಣಿಯರಿಗೆ, ಇಲ್ಲದ ದನಿ ಕೇಳುವಂಥ ಸೈಕೋಸಿಸ್ ಕಾಯಿಲೆ ಇದ್ದವರಿಗೆ ಇದು ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ನಶೆಯ ಚಟ ಇದ್ದವರಲ್ಲಿ ಬಹಳ ಯೋಚಿಸಿ ನಿರ್ಧರಿಸುತ್ತಾರೆ.

ಸಾಯಬೇಕು ಎಂಬ ಯೋಚನೆ ಬಲವಾಗಿ ಹಿಡಿದಿರುವವರ ವಿಷಯದಲ್ಲಿ ಈ ವೇಗಕ್ಕೆ ಬೇರೆಯೇ ಬೆಲೆಯಿದೆ. ಫ್ರಾನ್ಸ್‌ನ ಆಸ್ಪತ್ರೆಗಳಲ್ಲಿ ಅಂಥ 156 ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ಬಂತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಎರಡು ಡ್ರಿಪ್ ಕೊಟ್ಟರು. ಮೂರನೇ ದಿನಕ್ಕೆ ಕೆಟಮೈನ್ ಪಡೆದವರಲ್ಲಿ 63 ಶೇಕಡಾ ಜನರಿಂದ ಆ ಯೋಚನೆ ಹೊರಟುಹೋಗಿತ್ತು. ಸಲೈನ್ ಪಡೆದವರಲ್ಲಿ ಅದು ಸುಮಾರು 32 ಶೇಕಡಾ. ಆರು ವಾರದ ಹೊತ್ತಿಗೆ ಎರಡೂ ಗುಂಪುಗಳ ಅಂತರ ಕಿರಿದಾಗಿತ್ತು. ಆದರೂ ಆ ಮೊದಲ ಮೂರು ದಿನ ಒಬ್ಬರನ್ನು ಉಳಿಸಿಕೊಡುವ ದಿನಗಳಾಗಬಹುದು. ಇದನ್ನು ಓದುತ್ತಿರುವ ನಿಮಗೋ ನಿಮ್ಮವರಿಗೋ ಈಗ ಅಂಥ ಯೋಚನೆ ಬರುತ್ತಿದ್ದರೆ ಲೇಖನ ಇಲ್ಲಿಗೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕರೆಂಟ್ ಟ್ರೀಟ್‌ಮೆಂಟ್ ಎಂದು ನಮ್ಮವರು ಕರೆಯುವ ಇಸಿಟಿಗೆ ಹೋಲಿಸಿದರೆ ಹೇಗೆ? ಕಠಿಣ ಖಿನ್ನತೆಗೆ ಇಸಿಟಿ ಬಹಳ ಕಾಲದಿಂದ ಇರುವ ಬಲವಾದ ಚಿಕಿತ್ಸೆ. ಸಿನಿಮಾಗಳು ಅದಕ್ಕೆ ಕೆಟ್ಟ ಹೆಸರು ತಂದವು. ಈಗ ನಮ್ಮ ದೇಶದಲ್ಲಿ ಅರಿವಳಿಕೆ ಕೊಡದೆ ಇಸಿಟಿ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಕೆಟಮೈನನ್ನೂ ಇಸಿಟಿಯನ್ನೂ ಎದುರುಬದುರು ನಿಲ್ಲಿಸಿದ ಎರಡು ದೊಡ್ಡ ಅಧ್ಯಯನಗಳು ಬಂದಿವೆ. ಎರಡೂ ಬೇರೆ ಬೇರೆ ಉತ್ತರ ಕೊಟ್ಟವು. ಸ್ವೀಡನ್ನಿನಲ್ಲಿ ಆಸ್ಪತ್ರೆ ಸೇರಿದ್ದ 186 ಜನರಲ್ಲಿ ನಡೆದ ಅಧ್ಯಯನದಲ್ಲಿ ಇಸಿಟಿಯಿಂದ 63 ಶೇಕಡಾ, ಕೆಟಮೈನ್‌ನಿಂದ 46 ಶೇಕಡಾ ಜನ ಪೂರ್ತಿ ಚೇತರಿಸಿಕೊಂಡರು. ಅದಾದ ಮರುವರ್ಷ, 2023ರಲ್ಲಿ, ಅಮೆರಿಕದ ಅಧ್ಯಯನದಲ್ಲಿ ಕೆಟಮೈನ್‌ನಿಂದ 55 ಶೇಕಡಾ, ಇಸಿಟಿಯಿಂದ 41 ಶೇಕಡಾ ಜನರಿಗೆ ಗುಣ ಕಂಡಿತು. ಯಾಕೆ ಹೀಗೆ? ಅಮೆರಿಕದ ಅಧ್ಯಯನದಲ್ಲಿ ಸೈಕೋಸಿಸ್ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ, ಹೆಚ್ಚಿನವರು ಮನೆಯಿಂದ ಬಂದು ಹೋಗುವವರು. ಸ್ವೀಡನ್ನಿನವರು ವಾರ್ಡಿನಲ್ಲಿ ಮಲಗಿದ್ದವರು. ಊಟ ನೀರು ಬಿಟ್ಟು ಮಾತೇ ನಿಂತುಹೋದ ಸ್ಥಿತಿಗೆ, ವಯಸ್ಸಾದವರಿಗೆ ಇಸಿಟಿಯೇ ಮೇಲು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಓಡಾಡಿಕೊಂಡಿದ್ದು ಒಳಗೊಳಗೇ ಬೇಯುತ್ತಿರುವವರಿಗೆ, ನೆನಪಿನ ಶಕ್ತಿಗೆ ತೊಂದರೆಯಾದೀತು ಎಂದು ಹೆದರುವವರಿಗೆ ಕೆಟಮೈನ್ ಒಳ್ಳೆಯ ಆಯ್ಕೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಷ್ಟದ ಪ್ರಶ್ನೆಗೂ ಮುಖ ಕೊಡಬೇಕು. ಗುಣ ಮಾಡುತ್ತಿರುವುದು ಔಷಧವೋ, ನಿರೀಕ್ಷೆಯೋ?

ಔಷಧ ಪರೀಕ್ಷೆಯಲ್ಲಿ ಯಾರಿಗೆ ನಿಜವಾದದ್ದು, ಯಾರಿಗೆ ಸಲೈನ್ ಎಂಬುದು ರೋಗಿಗೆ ತಿಳಿಯಬಾರದು. ಕೆಟಮೈನ್‌ನಲ್ಲಿ ಅದನ್ನು ಮುಚ್ಚಿಡುವುದು ಹೇಗೆ? ಐದು ನಿಮಿಷದಲ್ಲಿ ಮೈ ತೇಲಿದರೆ ಯಾರಿಗಾದರೂ ಗೊತ್ತಾಗಿಬಿಡುತ್ತದೆ. ಅದಕ್ಕೇ ಸಲೈನ್ ಬದಲು ಸ್ವಲ್ಪ ಮಂಪರು ತರುವ ಮಿಡಾಜೊಲಮ್ ಕೊಟ್ಟು ಹೋಲಿಸತೊಡಗಿದರು. 2013ರಲ್ಲಿ 73 ಜನರ ಮೇಲೆ ಹಾಗೆ ಮಾಡಿದಾಗ ಒಂದು ದಿನದ ನಂತರ ಕೆಟಮೈನ್‌ಗೆ 64 ಶೇಕಡಾ, ಮಿಡಾಜೊಲಮ್‌ಗೆ 28 ಶೇಕಡಾ ಜನ ಸ್ಪಂದಿಸಿದರು. ಕೆಟಮೈನ್ ಪರವಾಗಿ ಇದು ಗಟ್ಟಿ ಸಾಕ್ಷಿ. ಆಮೇಲೆ ಸ್ಟ್ಯಾನ್‌ಫರ್ಡ್‌ನ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೇರೇನೋ ಆಪರೇಷನ್‌ಗೆ ಬಂದಿದ್ದ, ಖಿನ್ನತೆಯೂ ಇದ್ದ 40 ಜನರಿಗೆ ಪೂರ್ತಿ ಪ್ರಜ್ಞೆ ತಪ್ಪಿದ ಮೇಲೆ ಕೆಟಮೈನ್ ಅಥವಾ ಸಲೈನ್ ಕೊಟ್ಟರು. ಈಗ ಯಾರಿಗೂ ಏನೂ ಗೊತ್ತಾಗುವ ಹಾಗಿಲ್ಲ. 2023ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಯೋಚನೆಗೆ ಹಚ್ಚಿತು. ಎರಡೂ ಗುಂಪಿನಲ್ಲಿ ಖಿನ್ನತೆ ಚೆನ್ನಾಗಿ ಇಳಿಯಿತು. ವ್ಯತ್ಯಾಸವೇ ಕಾಣಲಿಲ್ಲ. ತಾವು ಗುಣವಾದೆವು ಅನಿಸಿದವರು ತಮಗೆ ಕೆಟಮೈನ್ ಸಿಕ್ಕಿದೆ ಎಂದು ನಂಬಿದ್ದರು. ಐರ್ಲೆಂಡಿನಲ್ಲಿ, ಆಸ್ಪತ್ರೆ ಸೇರಿದವರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಕೆಟಮೈನ್ ಮಿಡಾಜೊಲಮ್‌ಗಿಂತ ಮೇಲೇರಲಿಲ್ಲ.

ಹಾಗಂತ ಕೆಟಮೈನ್ ಬರೀ ನಂಬಿಕೆಯ ಆಟ ಎಂದು ತಳ್ಳಿಹಾಕುವುದು ಸರಿಯಲ್ಲ. ಆಸ್ಟ್ರೇಲಿಯಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುವಂತಿದೆ. ಅದೂ 2023ರದ್ದೇ. ಅಲ್ಲಿ ಡ್ರಿಪ್ ಕೂಡ ಇರಲಿಲ್ಲ. ಚರ್ಮದ ಕೆಳಗೆ ಸಾದಾ ಇಂಜೆಕ್ಷನ್, ವಾರಕ್ಕೆ ಎರಡು ಸಲ, ನಾಲ್ಕು ವಾರ. ಸ್ಪಂದನೆ ನೋಡಿ ಪ್ರಮಾಣ ಏರಿಸುತ್ತಾ ಹೋದ ಗುಂಪಿನಲ್ಲಿ ಸುಮಾರು 20 ಶೇಕಡಾ ಜನ ಪೂರ್ತಿ ಗುಣವಾದರು. ಮಿಡಾಜೊಲಮ್ ಪಡೆದವರಲ್ಲಿ ಅದು 2 ಶೇಕಡಾ. ಕಠಿಣ ಖಿನ್ನತೆಯಲ್ಲಿ ಐವರಲ್ಲಿ ಒಬ್ಬರು ಅಂದರೆ ಕಡಿಮೆಯಲ್ಲ. ಆದರೆ ಜಾಹೀರಾತುಗಳು ಹೇಳುವ "ಹತ್ತರಲ್ಲಿ ಎಂಟು" ಅದಲ್ಲ, ಅಲ್ವಾ? ಔಷಧಕ್ಕೆ ನಿಜವಾದ ಶಕ್ತಿಯಿದೆ, ಅದರ ಮೇಲೆ ನಿರೀಕ್ಷೆಯ ದೊಡ್ಡ ಪದರವೂ ಇದೆ ಎಂಬುದು ನನ್ನ ತೀರ್ಮಾನ. ಒಳ್ಳೆಯ ವೈದ್ಯರು ಎರಡನ್ನೂ ರೋಗಿಯ ಒಳಿತಿಗೆ ಬಳಸುತ್ತಾರೆ. ಕೆಟ್ಟ ಕ್ಲಿನಿಕ್ ಎರಡನೆಯದನ್ನು ಮಾತ್ರ ಮಾರುತ್ತದೆ.

ಮಾರಾಟ ಅಂದಾಗ ದುಡ್ಡಿನ ವಿಷಯ ಬಂತು. ಕೆಟಮೈನ್‌ನ ಪೇಟೆಂಟ್ ಮುಗಿದು ಎಷ್ಟೋ ಕಾಲವಾಗಿದೆ. ಯಾವ ಕಂಪನಿ ಬೇಕಾದರೂ ತಯಾರಿಸಬಹುದು, ಬೆಲೆ ತೀರಾ ಕಡಿಮೆ. ಕಡಿಮೆ ಬೆಲೆಯ ಔಷಧಕ್ಕೆ ಕೋಟಿಗಟ್ಟಲೆ ಸುರಿದು ಸಾವಿರಾರು ಜನರ ಮೇಲೆ ಪರೀಕ್ಷೆ ಮಾಡಲು ಯಾವ ಕಂಪನಿ ಮುಂದೆ ಬರುತ್ತದೆ? ಬರಲಿಲ್ಲ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಬೇರೆ ದಾರಿ ಹಿಡಿಯಿತು. ಕೆಟಮೈನ್ ಅಣು ಎರಡು ರೂಪದಲ್ಲಿರುತ್ತದೆ, ಎಡಗೈ ಬಲಗೈ ಇದ್ದ ಹಾಗೆ. ಅದರಲ್ಲಿ ಒಂದನ್ನು, ಎಸ್‌ಕೆಟಮೈನ್ ಎಂಬುದನ್ನು, ಬೇರ್ಪಡಿಸಿ ಮೂಗಿಗೆ ಹಾಕುವ ಸ್ಪ್ರೇ ಮಾಡಿತು. ಹೆಸರು ಸ್ಪ್ರವಾಟೊ. 2019ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. 2025ರ ಜನವರಿಯಲ್ಲಿ ಬೇರೆ ಮಾತ್ರೆಯ ಜೊತೆಯಿಲ್ಲದೆಯೂ ಕೊಡಬಹುದು ಎಂದಾಯಿತು. ಶುರುವಿನಲ್ಲಿ ಒಂದು ಸಲದ ಸ್ಪ್ರೇಗೆ ಅಲ್ಲಿಯ ಬೆಲೆ 590ರಿಂದ 885 ಡಾಲರ್. ಬ್ರಿಟನ್ನಿನ ನೈಸ್ ಎಂಬ ಸಂಸ್ಥೆ, ಕೊಡುವ ದುಡ್ಡಿಗೆ ತಕ್ಕ ಲಾಭವಿದೆ ಎನ್ನಲು ಪುರಾವೆ ಸಾಲದು ಎಂದು ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಗೆ ಇದನ್ನು ಶಿಫಾರಸು ಮಾಡಲಿಲ್ಲ. ಡ್ರಿಪ್ಪಿನಲ್ಲಿ ಕೊಡುವ ಹಳೆಯ ಕೆಟಮೈನ್‌ಗೆ ಖಿನ್ನತೆಯ ಔಷಧ ಎಂಬ ಮುದ್ರೆ ಅಮೆರಿಕದಲ್ಲಿ ಇವತ್ತಿಗೂ ಇಲ್ಲ. ಅರಿವಳಿಕೆ ಎಂದೇ ಅದಕ್ಕೆ ಒಪ್ಪಿಗೆ. ಖಿನ್ನತೆಗೆ ಕೊಡುವುದು ವೈದ್ಯರ ತಿಳುವಳಿಕೆ ಮತ್ತು ಹೊಣೆಯ ಮೇಲೆ. ನಮ್ಮಲ್ಲೂ ಡ್ರಿಪ್ ಕೊಡುವುದು ಹೀಗೆಯೇ.

ಮುದ್ರೆ ಇರುವ ಸ್ಪ್ರೇಗೆ ಕಟ್ಟುನಿಟ್ಟಾದ ನಿಯಮಗಳಿವೆ. ಆಸ್ಪತ್ರೆಯಲ್ಲೇ ತೆಗೆದುಕೊಳ್ಳಬೇಕು, ಎರಡು ಗಂಟೆ ಅಲ್ಲೇ ಇರಬೇಕು. ಮುದ್ರೆ ಇಲ್ಲದ ಡ್ರಿಪ್ಪಿಗೆ ಅಂಥ ನಿಯಮವಿಲ್ಲ. ಈ ಸಂದಿನಲ್ಲಿ ಅಮೆರಿಕದಲ್ಲಿ ನೂರಾರು ಕ್ಲಿನಿಕ್‌ಗಳು ಹುಟ್ಟಿಕೊಂಡವು. ಕೆಲವನ್ನು ಮನೋವೈದ್ಯರೇ ನಡೆಸುತ್ತಾರೆ. ಕೆಲವು ಕಡೆ ಮನೋವೈದ್ಯರ ಸುಳಿವೇ ಇಲ್ಲ. ಕೋವಿಡ್ ಕಾಲದಲ್ಲಿ ವಿಡಿಯೋ ಕಾಲ್ ಮಾಡಿ ಮನೆಗೇ ಕೆಟಮೈನ್ ಮಾತ್ರೆ ಕಳಿಸುವ ಕಂಪನಿಗಳೂ ಬಂದವು. 2023ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಇದರ ವಿರುದ್ಧ ಎಚ್ಚರಿಕೆ ಕೊಟ್ಟಿತು. ಅದೇ ತಿಂಗಳ 28ರಂದು ಅಮೆರಿಕದ ಹೆಸರಾಂತ ನಟ ಮ್ಯಾಥ್ಯೂ ಪೆರಿ ತೀರಿಕೊಂಡರು. ಸಾವಿಗೆ ಮುಖ್ಯ ಕಾರಣ ಕೆಟಮೈನ್ ಎಂದು ಶವಪರೀಕ್ಷೆ ಹೇಳಿತು. ಅವರು ಖಿನ್ನತೆಗಾಗಿ ವೈದ್ಯರ ಬಳಿ ಡ್ರಿಪ್ ಪಡೆಯುತ್ತಿದ್ದದ್ದೂ ನಿಜ. ಆದರೆ ಸಾವಿನ ದಿನ ಮೈಯಲ್ಲಿದ್ದ ಕೆಟಮೈನ್ ಆ ಚಿಕಿತ್ಸೆಯದ್ದಲ್ಲ. ಕೊನೆಯ ಡ್ರಿಪ್ ಆಗಿ ಒಂದು ವಾರಕ್ಕೂ ಜಾಸ್ತಿಯಾಗಿತ್ತು. ಅಕ್ರಮವಾಗಿ ಮನೆಗೆ ಬಂದದ್ದನ್ನು ಚುಚ್ಚಿಸಿಕೊಂಡಿದ್ದರು. ಅದಕ್ಕಾಗಿ ಐದು ಜನರ ಮೇಲೆ ಕೇಸಾಯಿತು, ಅವರಲ್ಲಿ ಇಬ್ಬರು ವೈದ್ಯರು. ಐವರೂ ತಪ್ಪೊಪ್ಪಿಕೊಂಡರು.

ಚಟದ ಭಯ ಸುಳ್ಳಲ್ಲ. ನಶೆಗಾಗಿ ವರ್ಷಗಟ್ಟಲೆ ಕೆಟಮೈನ್ ಬಳಸಿದವರ ಮೂತ್ರಕೋಶ ಗಾಯವಾಗಿ ಕುಗ್ಗುತ್ತದೆ. 2007ರ ಸುಮಾರಿಗೆ ಹಾಂಗ್‌ಕಾಂಗ್‌ನ ವೈದ್ಯರು ಇಂಥ ಯುವಕರನ್ನು ಕಂಡು ವರದಿ ಮಾಡಿದರು. ಮತ್ತೆ ಮತ್ತೆ ಮೂತ್ರಕ್ಕೆ ಓಡುವಂಥ, ನೋವಿನಲ್ಲಿ ಒದ್ದಾಡುವಂಥ ಸ್ಥಿತಿ ಅದು. ಚಿಕಿತ್ಸೆಯ ಪ್ರಮಾಣ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ತಿಂಗಳಾನುಗಟ್ಟಲೆ ಡ್ರಿಪ್ ಮುಂದುವರಿಯುವವರಲ್ಲಿ ಮೂತ್ರದ ತೊಂದರೆ ಇದೆಯೇ ಎಂದು ವೈದ್ಯರು ಕೇಳುತ್ತಲೇ ಇರಬೇಕು.

ನಮ್ಮ ದೇಶದಲ್ಲಿ ಕೆಟಮೈನ್ 2011ರಲ್ಲಿ ಮಾದಕ ವಸ್ತುಗಳನ್ನು ಹತೋಟಿಯಲ್ಲಿಡುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿತು. 2013ರಲ್ಲಿ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್ ಎಂಬ ಬಿಗಿ ಪಟ್ಟಿಗೂ ಬಂತು. ಅಂದರೆ ಬೀಗ ಹಾಕಿದ ಬೀರುವಿನಲ್ಲಿಡಬೇಕು, ಅಂಗಡಿಯವರು ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷ ಕಾಪಾಡಬೇಕು. ಇದು ಬೇಕಾದ ಬಿಗಿಯೇ. ಚೀನಾ ಇದನ್ನು ಇಡೀ ಜಗತ್ತಿನಲ್ಲೇ ಇನ್ನಷ್ಟು ಬಿಗಿ ಮಾಡಬೇಕೆಂದು 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಕೇಳಿತ್ತು. ಬಡ ದೇಶಗಳಲ್ಲಿ ಆಪರೇಷನ್‌ಗಳೇ ನಿಂತುಹೋದಾವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವಾದವಾಗಿತ್ತು. ಆ ಪ್ರಸ್ತಾಪ ಅಲ್ಲಿಗೇ ನಿಂತಿತು.

ಈಗ ನನಗೆ ತುಂಬಾ ಕಾಡುವ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಇರುವ ನೂರು ಜನರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಕೆಟಮೈನ್ ಇರುವುದು ಎರಡು ಮಾತ್ರೆ ಸೋತವರಿಗೆ. ಇಲ್ಲಿ ಮೊದಲನೇ ಮಾತ್ರೆಯೇ ಕೈಸೇರಿಲ್ಲ. ನಮ್ಮಲ್ಲಿ ಎಷ್ಟೋ ಜನ "ಮನಸ್ಸಿಗೆ ಬೇಜಾರು" ಅಂತ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಮೈಕೈ ನೋವು, ತಲೆ ಭಾರ, ಎದೆ ಉರಿ, ನಿದ್ದೆ ಇಲ್ಲ ಅಂತ ಹೋಗುತ್ತಾರೆ. ಬಿ ಕಾಂಪ್ಲೆಕ್ಸ್ ಇಂಜೆಕ್ಷನ್, ಅದೇ ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡು ಬರುತ್ತಾರೆ. ವರ್ಷಗಳ ಮೇಲೆ ಖಿನ್ನತೆ ಅಂತ ಗೊತ್ತಾಗಿ ಮಾತ್ರೆ ಶುರುವಾದರೂ ಎರಡೇ ವಾರಕ್ಕೆ ಬಿಡುತ್ತಾರೆ. ನಿದ್ದೆ ಜಾಸ್ತಿ ಬರುತ್ತೆ ಅಂತಲೋ, ಅಭ್ಯಾಸ ಆಗಿಬಿಡುತ್ತೆ ಅಂತ ಯಾರೋ ಹೆದರಿಸಿದರು ಅಂತಲೋ. ಹೀಗೆ ಅರ್ಧಕ್ಕೆ ಬಿಟ್ಟದ್ದನ್ನು ಮಾತ್ರೆ ಸೋತಿತು ಎಂದು ಎಣಿಸಬಾರದು.

ಥೈರಾಯ್ಡ್ ನೋಡಿದ್ದಾರಾ? ದಿನಾ ಕುಡಿತ ಇದೆಯಾ? ಇದು ಬರೀ ಖಿನ್ನತೆಯೋ, ನಡುವೆ ಕೆಲವು ವಾರ ವಿಪರೀತ ಹುರುಪು, ನಿದ್ದೆ ಬೇಡದ ದಿನಗಳು ಬಂದು ಹೋಗುವ ಬೈಪೋಲಾರ್ ಕಾಯಿಲೆಯೋ? ಮನೆಯಲ್ಲಿ ಹೊಡೆತ ಬಡಿತ, ಸಾಲದ ಕಾಟ ನಡೆಯುತ್ತಿದೆಯಾ? ಡ್ರಿಪ್ ಮಾತು ಎತ್ತುವ ಮೊದಲು ಇವನ್ನೆಲ್ಲ ಕೂತು ಕೇಳಲು ಒಂದು ಗಂಟೆಯಾದರೂ ಬೇಕು. ಇದೊಂದನ್ನೂ ಕೇಳದೆ ಮೊದಲ ದಿನವೇ ಆರು ಡ್ರಿಪ್ಪಿನ ಪ್ಯಾಕೇಜ್ ಹೇಳುವ ಜಾಗದಿಂದ ಎದ್ದು ಬನ್ನಿ ಎಂದು ನಾನು ನನ್ನ ಮನೆಯವರಿಗೆ ಹೇಳುತ್ತೇನೆ. ನಿಮಗೂ ಅದನ್ನೇ ಹೇಳುತ್ತೇನೆ. ಡ್ರಿಪ್ ಮುಗಿದ ಮೇಲೆ ಏನು ಎಂದು ಕೇಳಿ. ಮಾತ್ರೆ ಮುಂದುವರಿಯುತ್ತದಾ, ಕೌನ್ಸೆಲಿಂಗ್ ಯಾರು ಮಾಡುತ್ತಾರೆ, ಗುಣ ಜಾರಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದಕ್ಕೆ ಅವರಲ್ಲಿ ಉತ್ತರ ಇರಬೇಕು. ಯಾಕೆಂದರೆ ಗುಣ ಜಾರುತ್ತದೆ. ಸ್ವೀಡನ್ನಿನ ಅಧ್ಯಯನದಲ್ಲಿ ಚೇತರಿಸಿಕೊಂಡವರಲ್ಲಿ, ಇಸಿಟಿಯಾಗಲಿ ಕೆಟಮೈನ್ ಆಗಲಿ, ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಒಂದು ವರ್ಷದೊಳಗೆ ಖಿನ್ನತೆ ಮರಳಿತು. ಹೇಳದೆ ಕೇಳದೆ ಹಾಗೆ ಮರಳಿದರೆ ಮೊದಲಿಗಿಂತ ಜಾಸ್ತಿ ನೋಯುತ್ತದೆ. "ಇದೂ ಆಗಲಿಲ್ಲ" ಎಂಬ ಮಾತು ಆ ಸ್ಥಿತಿಯಲ್ಲಿ ಬಹಳ ಅಪಾಯದ್ದು.

ನಮ್ಮಲ್ಲಿ ಒಂದು ಅನುಕೂಲವಿದೆ. ನಮ್ಮ ರೋಗಿ ಸಾಮಾನ್ಯವಾಗಿ ಒಬ್ಬಂಟಿಯಾಗಿ ಆಸ್ಪತ್ರೆಗೆ ಬರುವುದಿಲ್ಲ. ಅಕ್ಕ ಬರುತ್ತಾಳೆ, ಭಾವ ಬರುತ್ತಾರೆ, ಟಿಫಿನ್ ಕ್ಯಾರಿಯರ್ ಬರುತ್ತದೆ. ಡ್ರಿಪ್ ನಂತರದ ಆ ಹಗುರಾದ ದಿನಗಳಲ್ಲಿ ಮನೆಯವರಿಗೆ ದೊಡ್ಡ ಕೆಲಸವಿದೆ. ತಿಂಗಳುಗಳ ನಂತರ ಒಬ್ಬರು ತಾವಾಗಿ ಎದ್ದು ಸ್ನಾನ ಮಾಡಿದರೆ, "ಸರಿಹೋಯ್ತಲ್ಲ, ಇನ್ನು ಕೆಲಸಕ್ಕೆ ಹೋಗು" ಎನ್ನಬಾರದು. ಜೊತೆಗೆ ಒಂದು ಸುತ್ತು ನಡೆದು ಬರಬೇಕು. ಕೌನ್ಸೆಲಿಂಗ್ ದಿನ ತಪ್ಪದ ಹಾಗೆ ನೋಡಿಕೊಳ್ಳಬೇಕು. ಮಾತ್ರೆ ಡಬ್ಬಿ ತುಂಬಿಡಬೇಕು. ನಿದ್ದೆಯ ಹೊತ್ತು ಸರಿಮಾಡಬೇಕು. ಹಾಸಿಗೆಯಿಂದ ಏಳಲೂ ಆಗದಿದ್ದಾಗ ಇವೆಲ್ಲ ಸಾಧ್ಯವೇ ಇರಲಿಲ್ಲ. ಈಗ ಕೆಲವು ದಿನ ಸಾಧ್ಯ.

ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕೆಲಸ ಮಾಡಿ ತೋರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಅಲ್ಲಿನ ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಚಿಕಿತ್ಸೆಯನ್ನು ಹಳ್ಳಿಗಳ ಹತ್ತಿರಕ್ಕೆ ಒಯ್ದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆಸ್ಟ್ರೇಲಿಯಾದ ಅಧ್ಯಯನ ಓದುವಾಗ ನನಗೆ ಬಳ್ಳಾರಿ ನೆನಪಾದದ್ದು ಇದಕ್ಕೇ. ಚರ್ಮದ ಕೆಳಗಿನ ಒಂದು ಸಾದಾ ಇಂಜೆಕ್ಷನ್, ಕಡಿಮೆ ಬೆಲೆಯ ಔಷಧ, ಬಿಪಿ ಯಂತ್ರ, ಎರಡು ಗಂಟೆ ಮಲಗಲು ಒಂದು ಮಂಚ. ಜಿಲ್ಲಾ ಆಸ್ಪತ್ರೆಯಲ್ಲಿ ಇವಿಷ್ಟೂ ಇವೆ, ಕೆಟಮೈನ್ ಬಲ್ಲ ಅರಿವಳಿಕೆ ವೈದ್ಯರೂ ಇದ್ದಾರೆ. ಇಲ್ಲದಿರುವುದು ಮನೋವೈದ್ಯರ ಸಮಯ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಈ ಚಿಕಿತ್ಸೆ ಬೆಂಗಳೂರಿನ ಖಾಸಗಿ ಕ್ಲಿನಿಕ್ಕುಗಳಲ್ಲಿ ದುಡ್ಡಿದ್ದವರಿಗೆ ಮಾತ್ರ ಎಂದಾಗುವ ಮೊದಲು, ಒಂದೆರಡು ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ದಿನ, ಸರಿಯಾಗಿ ಆಯ್ದ ರೋಗಿಗಳಿಗೆ ಇದನ್ನು ಕೊಟ್ಟು, ಆರು ತಿಂಗಳು ಅವರ ಬೆನ್ನಿಗೆ ನಿಂತು, ಏನಾಯಿತೆಂದು ಬರೆದಿಡಬೇಕು. ಔಷಧಕ್ಕೆ ಪೇಟೆಂಟ್ ಇಲ್ಲ, ಹಾಗಾಗಿ ಈ ಕೆಲಸವನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಸರ್ಕಾರವೇ ಮಾಡಬೇಕು.